ನದಿ ಕತೆಯ ನಡುವೆ ಏಳು ಖಾಲಿ ಹಾಳೆ

ಕೆಂಗೇರಿಯ ನಮ್ಮ ಮನೆ ಮಹಡಿಯಲ್ಲಿ ಪ್ರತಿ ಶನಿವಾರ ಸಂಜೆ ಆರೇಳು ವರ್ಷದ ಮಕ್ಕಳಿಗೆ ಚಿತ್ರದ ಪುಸ್ತಕ ಓದಿ ಹೇಳುತ್ತೇನೆ. ಒಂದು ಸಲ ನದಿಯ ಕತೆ ಓದಿದೆ. ಮೊದಲು ತಿಳಿನೀರು, ಆಮೇಲೆ ಕೊಳೆ, ಕೊನೆಗೆ ಮತ್ತೆ ತಿಳಿನೀರು. "ನಮ್ಮ ಮನೆ ಹತ್ತಿರವೂ ಒಂದು ನದಿ ಇದೆ, ವೃಷಭಾವತಿ" ಅಂದೆ. "ಅದು ಮೋರಿ ಆಂಟಿ" ಅಂದಳು ಒಬ್ಬಳು.

ಅವಳ ತಪ್ಪೇನಿಲ್ಲ. ಮೈಸೂರು ರಸ್ತೆಯಲ್ಲಿ ಅಮ್ಮ ಬಸ್ಸಿನ ಕಿಟಕಿ ಎಳೆದುಕೊಳ್ಳುತ್ತಾರಲ್ಲ, ಅವಳಿಗೆ ಗೊತ್ತಿರುವ ನದಿ ಅಷ್ಟೇ.

ಹಾಗಾಗಿ ನಾನೇ ಒಂದು ಪುಸ್ತಕ ಬರೆದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ನದಿ ಹುಟ್ಟಿತು ಅನ್ನುವ ಕತೆಯಿಂದ ಶುರು. ಗಾಳಿ ಆಂಜನೇಯನ ಗುಡಿ, ಕೆಂಗೇರಿ, ಬೈರಮಂಗಲ ಕೆರೆ, ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಕಾವೇರಿ. ನನಗೆ ಚಿತ್ರ ಬರಲ್ಲ. ನನ್ನ ಬಸವಣ್ಣ ನಾಯಿಯ ಹಾಗಿದ್ದಾನೆ. ಮಕ್ಕಳಿಗೆ ಅವನೇ ಜಾಸ್ತಿ ಇಷ್ಟ.

ಕೊಳೆಯ ಪುಟದಲ್ಲಿ ಎಡವಿದೆ. ಕಾರ್ಖಾನೆ ಮುಂದೆ ಮೀಸೆ ಹೊತ್ತ ಕೆಟ್ಟ ಮಾಲೀಕನನ್ನು ನಿಲ್ಲಿಸಿದ್ದೆ. ಮಕ್ಕಳು ಅವನನ್ನು ಚೆನ್ನಾಗಿ ಬೈದು ಮನೆಗೆ ಹೋದರು. ಕಾರ್ಖಾನೆ ನೀರೂ ಸೇರುತ್ತದೆ, ನಿಜ. ಆದರೆ ನಮ್ಮ ಮನೆಗಳ ನೀರು? ಮುಂದಿನ ವಾರ ಬಚ್ಚಲಿನಿಂದ ನದಿವರೆಗೆ ಒಂದು ಪೈಪು ಎಳೆದೆ. "ನಮ್ಮ ಕಕ್ಕಸೂನಾ?" ಅಂತ ಐದು ನಿಮಿಷ ಬಿದ್ದು ಬಿದ್ದು ನಕ್ಕರು. ನಗಲಿ ಅಂತ ಬಿಟ್ಟೆ. ನೆನಪಿರುವುದು ಅದೇ ಅಲ್ವಾ?

ಇನ್ನೊಬ್ಬ ಕೇಳಿದ: "ಇಷ್ಟು ಬೇಗ ಹೆಂಗೆ ಕ್ಲೀನ್ ಆಯ್ತು?" ಕೊಳೆ ನದಿ ಒಂದು ಪುಟ, ತಿಳಿ ನದಿ ಪಕ್ಕದ ಪುಟ! ಹೊಲಿಗೆ ಬಿಚ್ಚಿ ನಡುವೆ ಏಳು ಖಾಲಿ ಹಾಳೆ ಸೇರಿಸಿದೆ. ವಾರಕ್ಕೊಂದು ಹಾಳೆ, ಬರೆಯುವವರು ಮಕ್ಕಳು. ಒಂದರಲ್ಲಿ ಒಳಚರಂಡಿ. ಇನ್ನೊಂದರಲ್ಲಿ ಕೊಳಚೆ ನೀರು ಶುದ್ಧ ಮಾಡುವ ಘಟಕ, ಅಂದರೆ ಎಸ್‌ಟಿಪಿ: ತೊಟ್ಟಿಗೆ ಗಾಳಿ ಊದುತ್ತಾರೆ, ಕೊಳೆ ತಿನ್ನುವ ಸೂಕ್ಷ್ಮಜೀವಿಗಳಿಗೆ ಉಸಿರು ಬೇಕು. ಮತ್ತೊಂದರಲ್ಲಿ ಜಕ್ಕೂರು ಕೆರೆ. ಅಲ್ಲಿ ಶುದ್ಧ ಮಾಡಿದ ನೀರು ಜೊಂಡಿನ ನಡುವೆ ಹಾದು ಕೆರೆಗೆ ಸೇರುತ್ತದೆ.

ನಾಲ್ಕನೇ ವಾರ ಬಾಟಲಿಯಲ್ಲಿ ಜಲ್ಲಿ, ಮರಳು, ಇದ್ದಿಲು ತುಂಬಿ ಕೆಸರು ನೀರಿಗೆ ಸೋಪು ಕಲಸಿ ಹಾಕಿದೆವು. ಕೆಸರು ನಿಂತಿತು, ನೊರೆ ನಿಲ್ಲಲಿಲ್ಲ. ನಾನು ಪೆಚ್ಚಾದೆ. ಆಮೇಲೆ 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹೊತ್ತಿದ್ದನ್ನು ಹೇಳಿದೆ. ಆ ಹಾಳೆ ತುಂಬ ಈಗ ಗುಳ್ಳೆಗಳೇ.

ಎರಡು ಹಾಳೆ ಇನ್ನೂ ಖಾಲಿ ಇವೆ. ಸುಮ್ನೆ ಬಣ್ಣ ಹಚ್ಚಿ ಮುಗಿಸೋಣ ಅಂತ ಮಕ್ಕಳು ಕಾಡುತ್ತಾರೆ. ನಾನು ಕೊಟ್ಟಿಲ್ಲ.