ಸರ್ವ್ಲೆಟ್‌ನಿಂದ ಶುರು ಮಾಡಿ ಸ್ಪ್ರಿಂಗ್ ಬೂಟ್‌ವರೆಗೆ: ನನ್ನ ಅನುಭವ

ಮಲೆನಾಡಿನ ಒಂದು ಪತ್ತಿನ ಸಹಕಾರ ಸಂಘದ ಠೇವಣಿ, ಸಾಲ, ಷೇರು ಲೆಕ್ಕವೆಲ್ಲ ಈಗ ನಾನು ಸ್ಪ್ರಿಂಗ್ ಬೂಟ್‌ನಲ್ಲಿ (ಜಾವಾದಲ್ಲಿ ವೆಬ್ ಅಪ್ಲಿಕೇಶನ್ ಬರೆಯಲು ಇರುವ ಸಿದ್ಧ ಫ್ರೇಮ್‌ವರ್ಕ್) ಬರೆದ ಅಪ್ಲಿಕೇಶನ್‌ನಲ್ಲಿ ನಡೆಯುತ್ತಿದೆ. ನಾಲ್ಕು ಶಾಖೆ, ಹೆಚ್ಚುಕಮ್ಮಿ ಆರು ಸಾವಿರ ಸದಸ್ಯರು. ಎರಡು ಮಾರ್ಚ್ ದಾಟಿದೆ, ಆಡಿಟ್ ಕೂಡ ಮುಗಿದಿದೆ. ಬ್ರೌಸರ್‌ನ ಕೋರಿಕೆಗೆ ಉತ್ತರಿಸುವ ಜಾವಾ ಕ್ಲಾಸ್, ಅಂದರೆ ಸರ್ವ್ಲೆಟ್, ಅದನ್ನು ಕೈಯಾರೆ ಬರೆಯುವುದರಿಂದ ನಾನು ಕಲಿಕೆ ಶುರು ಮಾಡಿದ್ದು ನೋಡಿ ಜೊತೆಯವರು "ಈಗ ಯಾರೋ ಸರ್ವ್ಲೆಟ್ ಬರೀತಾರೆ? ಅನೋಟೇಶನ್ ಹಾಕು, ಓಡುತ್ತೆ, ಇಂಟರ್‌ವ್ಯೂ ಕೊಡು" ಎನ್ನುತ್ತಿದ್ದರು. (ಅನೋಟೇಶನ್ ಎಂದರೆ ಕೋಡ್ ಮೇಲೆ ಹಚ್ಚುವ @ ಗುರುತಿನ ಚೀಟಿ; ಅದನ್ನು ಓದಿ ಉಳಿದ ಕೆಲಸ ಫ್ರೇಮ್‌ವರ್ಕ್ ಮಾಡುತ್ತದೆ.) ಆ ಮಾತು ಇನ್ನೂ ಬೇಕಾದಷ್ಟು ಹುಡುಗರ ಕಿವಿಗೆ ಬೀಳುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನೂ ಬೆಂಗಳೂರಿನ ಒಂದು ತರಬೇತಿ ಕೇಂದ್ರಕ್ಕೆ ಸೇರಿದ್ದೆ. ಫೀಸು ಮೂವತ್ತೆಂಟು ಸಾವಿರದ ಹತ್ತಿರ, ಎರಡು ಕಂತು. ಕೋರ್ಸ್ ಅರ್ಧಕ್ಕೆ ಬಂದಿತ್ತು, 2022ರ ನವೆಂಬರ್‌ನಲ್ಲಿ ಸ್ಪ್ರಿಂಗ್ ಬೂಟ್ 3.0 ಬಂತು. ಜಾವಾ 17 ಕಡ್ಡಾಯ, ಸರ್ವ್ಲೆಟ್‌ನಂಥ ಜಾವಾ ಇಇಯ 'ಜಾವಾಎಕ್ಸ್' ಪ್ಯಾಕೇಜ್‌ಗಳು 'ಜಕಾರ್ತಾ' ಆದವು, ಸೆಕ್ಯುರಿಟಿಯ ನೋಟ್ಸ್‌ನಲ್ಲಿ ಪುಟಗಟ್ಟಲೆ ಇದ್ದ ವೆಬ್‌ಸೆಕ್ಯುರಿಟಿಕಾನ್ಫಿಗರರ್‌ಅಡಾಪ್ಟರ್ ಕ್ಲಾಸೇ ಮಾಯ. ಕೇಂದ್ರದ ನೋಟ್ಸ್ ಪ್ರಕಾರ ಬರೆದ ಯಾವ ಪ್ರಾಜೆಕ್ಟೂ ಕಂಪೈಲ್ ಆಗಲಿಲ್ಲ. ಕೇಂದ್ರದವರು "ಹಳೇ 2.7 ಹಾಕ್ಕೊಳ್ಳಿ, ಸರಿಹೋಗುತ್ತೆ" ಎಂದರು. ಸರಿಹೋಯಿತು ಕೂಡ. ಆದರೆ ಏನು ಬದಲಾಯಿತು, ಯಾಕೆ ಒಡೆಯಿತು ಎಂದು ಹೇಳುವವರು ಆ ಕ್ಲಾಸಿನಲ್ಲಿ ಯಾರೂ ಇರಲಿಲ್ಲ. ವರ್ಷನ್ ಒಂದು ಮೆಟ್ಟಿಲು ಏರಿದರೆ ಕಲಿತದ್ದೆಲ್ಲ ಕೈಬಿಡುತ್ತದೆ ಎಂದಾದರೆ ಅದು ಕಲಿತದ್ದೇ ಅಲ್ಲ ಎಂದು ನನಗೆ ಅನ್ನಿಸಿತು. ಎರಡನೇ ಕಂತು ಕಟ್ಟಿಯಾಗಿತ್ತು. ಬಿಟ್ಟು ಬಂದೆ.

ಊರಲ್ಲಿ ಕೂತು ಹಿಡಿದ ದಾರಿ ಇದು. ಒಂದೇ ಅಪ್ಲಿಕೇಶನ್ ಅನ್ನು ಮೂರು ಸಲ ಬರೆಯುವುದು: ಖಾತೆ ತೆರೆಯುವುದು, ಜಮಾ, ಹಿಂತೆಗೆತ, ಲೆಡ್ಜರ್, ಅಷ್ಟೇ. ಮೊದಲ ಸಲ ಬರೀ ಟಾಮ್‌ಕ್ಯಾಟ್ 10 (ಸರ್ವ್ಲೆಟ್ ಓಡಿಸುವ ಸರ್ವರ್), ಸರ್ವ್ಲೆಟ್, ಪೋಸ್ಟ್‌ಗ್ರೆಸ್ ಡೇಟಾಬೇಸ್, ಅದರ ಜೊತೆ ಮಾತಾಡಲು ಜೆಡಿಬಿಸಿ. ಪ್ರತಿ ಹೆಜ್ಜೆಯೂ ತಾನಾಗಿ ಖಾಯಂ ಆಗದಂತೆ ಆಟೋಕಮಿಟ್ ಆಫ್ ಮಾಡುವುದು, ಎಲ್ಲ ಸರಿಯಾದರೆ ಒಟ್ಟಿಗೆ ಖಾಯಂ ಮಾಡುವ ಕಮಿಟ್, ತಪ್ಪಿದರೆ ಎಲ್ಲ ರದ್ದು ಮಾಡುವ ರೋಲ್‌ಬ್ಯಾಕ್, ಕೊನೆಗೆ ಕನೆಕ್ಷನ್ ಮುಚ್ಚುವುದು, ಎಲ್ಲ ಕೈಯಲ್ಲೇ. ಪ್ರತಿ ಮೆಥಡ್‌ನಲ್ಲೂ ಅದೇ ಹದಿನೈದು ಸಾಲು. ಬೇಸರ ಬರಬೇಕು; ಬೇಸರ ಬಂದಮೇಲೇ ಎರಡನೇ ಸುತ್ತಿಗೆ ಹೋಗಬೇಕು.

ಎರಡನೇ ಸುತ್ತಿನಲ್ಲಿ ನನ್ನದೇ ಪುಟ್ಟ ಫ್ರೇಮ್‌ವರ್ಕ್. ನನ್ನದೇ ಅನೋಟೇಶನ್, ರಿಫ್ಲೆಕ್ಷನ್‌ನಿಂದ (ಪ್ರೋಗ್ರಾಂ ಓಡುವಾಗಲೇ ಕ್ಲಾಸಿನ ಒಳಗೆ ನೋಡುವ ಸೌಲಭ್ಯ) ಕ್ಲಾಸ್ ಹುಡುಕಿ ಒಂದು ಮ್ಯಾಪ್‌ನಲ್ಲಿ ಇಡುವುದು, ಒಂದೇ ಸರ್ವ್ಲೆಟ್‌ನಿಂದ ಎಲ್ಲ ಯುಆರ್‌ಎಲ್ ಹಂಚುವುದು, ಜಾವಾದ ಡೈನಾಮಿಕ್ ಪ್ರಾಕ್ಸಿ (ಕರೆಯನ್ನು ಮೊದಲು ತಾನು ಹಿಡಿದು ಆಮೇಲೆ ನಿಜವಾದ ಮೆಥಡ್‌ಗೆ ದಾಟಿಸುವ ಮಧ್ಯವರ್ತಿ) ಬಳಸಿ ಟ್ರಾನ್ಸಾಕ್ಷನ್ (ಎಲ್ಲ ಆಗಬೇಕು, ಇಲ್ಲವೇ ಏನೂ ಆಗಬಾರದು ಎಂಬ ಕೆಲಸದ ಕಟ್ಟು) ಸುತ್ತುವುದು. ಎಲ್ಲ ಸೇರಿ ಎಂಟುನೂರು ಸಾಲು ಇದ್ದಿರಬಹುದು. ಮೂರನೇ ಸುತ್ತಿನಲ್ಲಿ ಅದನ್ನು ಕಿತ್ತುಹಾಕಿ ಸ್ಪ್ರಿಂಗ್ ಬೂಟ್ ಕೂರಿಸಿದೆ. ಸೋರ್ಸ್ ಡೌನ್‌ಲೋಡ್ ಮಾಡಿಕೊಂಡು ಎಲ್ಲ ಕೋರಿಕೆ ಹಂಚುವ ಡಿಸ್ಪ್ಯಾಚರ್‌ಸರ್ವ್ಲೆಟ್‌ನ ಡೂಡಿಸ್ಪ್ಯಾಚ್ ಮೆಥಡ್‌ನಲ್ಲಿ ಬ್ರೇಕ್‌ಪಾಯಿಂಟ್ (ಓಡುವ ಕೋಡ್ ನಿಲ್ಲಿಸುವ ಗುರುತು) ಇಟ್ಟು ಒಂದೊಂದೇ ಹೆಜ್ಜೆ ನಡೆದೆ. ನಾನು ಒಂದು ಮ್ಯಾಪ್‌ನಲ್ಲಿ ಮುಗಿಸಿದ್ದ ಕೆಲಸಕ್ಕೆ ಅಲ್ಲಿ ಹ್ಯಾಂಡ್ಲರ್‌ಮ್ಯಾಪಿಂಗ್ (ಯಾರನ್ನು ಕರೆಯಬೇಕು), ಹ್ಯಾಂಡ್ಲರ್‌ಅಡಾಪ್ಟರ್ (ಹೇಗೆ ಕರೆಯಬೇಕು) ಎಂದು ಎರಡು ಪದರ ಇತ್ತು. ಯಾಕೆ ಬೇಕು ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ, ನನ್ನ ಕೋಡ್ ಎಲ್ಲಿ ಸಾಲದು ಎಂದು ಅಷ್ಟರಲ್ಲಿ ಗೊತ್ತಾಗಿತ್ತು.

ಮನೆಯಲ್ಲಿ ಅಷ್ಟು ತಿಂಗಳು ಸಂಬಳವಿಲ್ಲದೆ ಕೂರುವುದು ಸುಲಭವಲ್ಲ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗೆ ಇಪ್ಪತ್ತೆರಡು ಸಾವಿರ ಕೊಟ್ಟಿದ್ದೆ. ಎಂಟು ಜಿಬಿ ಸಾಲದೆ ರ‍್ಯಾಮ್ ಸೇರಿಸಲು ಮತ್ತೆ ಎರಡೂವರೆ ಸಾವಿರ. ಕೋಡ್ ಬರೆಯಲು ಇಂಟೆಲಿಜೆ ಕಮ್ಯುನಿಟಿ ಆಗ ಪುಕ್ಕಟೆ ಸಿಗುತ್ತಿತ್ತು, ಅದೇ ಸಾಕಾಯಿತು. "ಬೆಂಗಳೂರಲ್ಲಿ ಇದ್ದಿದ್ರೆ ಇಷ್ಟೊತ್ತಿಗೆ ಕೆಲಸ ಸಿಕ್ಕಿರೋದು" ಎಂಬ ಮಾತು ಊಟದ ಹೊತ್ತಿಗೆ ದಿನಾ ಬರುತ್ತಿತ್ತು. ಸಂಘದ ಕೆಲಸ ಸಿಕ್ಕಿದಾಗ ಮುಂಗಡ ನಲವತ್ತು ಸಾವಿರ, ಒಟ್ಟು ಒಂದು ಲಕ್ಷ ಎಂಬತ್ತು ಸಾವಿರದ ಆಸುಪಾಸು, ಮೇಲೆ ವರ್ಷಕ್ಕಿಷ್ಟು ನಿರ್ವಹಣೆ. ಕೋರ್ಸ್ ಹಣ ಒಂದೇ ಕಂತಿನಲ್ಲಿ ವಾಪಸ್ ಬಂತು.

ಈ ದಾರಿಗೆ ನಿಜವಾದ ಪರೀಕ್ಷೆ ಬಂದದ್ದು ಬಡ್ಡಿ ಹಾಕುವ ದಿನ. ತಿಂಗಳ ಕೊನೆಯ ಬಡ್ಡಿ ಜಮಾ ಓಡಿಸಿದೆವು, ಮಧ್ಯದಲ್ಲಿ ಒಂದು ಖಾತೆಯಲ್ಲಿ ಎಕ್ಸೆಪ್ಷನ್ ಬಂತು. ಸಂಜೆ ಕಾರ್ಯದರ್ಶಿಗಳ ಫೋನು: "ಅಲ್ಲ ಮಾರಾಯ್ರೆ, ಜಮಾ ಖರ್ಚು ತಾಳೆ ಆಗ್ತಾ ಇಲ್ವಲ್ಲ!" ನೋಡಿದರೆ ಒಂದು ಖಾತೆಯಲ್ಲಿ ಸಂಘದ ಬಡ್ಡಿ ವೆಚ್ಚ ಏರಿದೆ, ಸದಸ್ಯರ ಖಾತೆಗೆ ಜಮಾ ಆಗಿಲ್ಲ. ಮೆಥಡ್ ಮೇಲೆ ಟ್ರಾನ್ಸಾಕ್ಷನ್ ಸುತ್ತು ಎನ್ನುವ @ಟ್ರಾನ್ಸಾಕ್ಷನಲ್ ಅನೋಟೇಶನ್ ಇದೆ, ಆದರೂ ರೋಲ್‌ಬ್ಯಾಕ್ ಆಗಿಲ್ಲ. ಬ್ರೇಕ್‌ಪಾಯಿಂಟ್ ಇಟ್ಟು ಸ್ಟ್ಯಾಕ್ (ಯಾವ ಮೆಥಡ್ ಯಾವುದನ್ನು ಕರೆಯಿತು ಎಂಬ ಪಟ್ಟಿ) ನೋಡಿದೆ. ಕಂಟ್ರೋಲರ್‌ನಿಂದ ನೇರ ಕರೆದಾಗ ನನ್ನ ಮೆಥಡ್‌ನ ಕೆಳಗೆ ಟ್ರಾನ್ಸಾಕ್ಷನ್‌ಇಂಟರ್‌ಸೆಪ್ಟರ್, ಸ್ಪ್ರಿಂಗ್ ತಾನೇ ಕಟ್ಟಿದ ಸಿಜಿಲಿಬ್ ಪ್ರಾಕ್ಸಿಯ ಸಾಲುಗಳು ಕಾಣುತ್ತವೆ. ಬಡ್ಡಿಯ ಲೂಪ್‌ನಿಂದ ಬಂದಾಗ ಆ ಸಾಲುಗಳೇ ಇಲ್ಲ, ಲೂಪ್‌ನ ಮೆಥಡ್, ಅದರ ಮೇಲೆ ನೇರ ನನ್ನ ಮೆಥಡ್. ಎರಡೂ ಒಂದೇ ಕ್ಲಾಸಿನಲ್ಲಿದ್ದವು, ಲೂಪ್ ಮೇಲೆ ಅನೋಟೇಶನ್ ಇರಲಿಲ್ಲ. ಕರೆ ಪ್ರಾಕ್ಸಿಯ ಬಾಗಿಲಿಗೇ ಹೋಗಲಿಲ್ಲ. ಒಂದೊಂದು ಸೇವ್‌ಗೂ ಅದರದೇ ಟ್ರಾನ್ಸಾಕ್ಷನ್ ಆಗಿ ಅಲ್ಲಲ್ಲೇ ಕಮಿಟ್ ಆಗಿತ್ತು. ನಾನೇ ಪ್ರಾಕ್ಸಿ ಬರೆದಿದ್ದರಿಂದ ಇದು ಸ್ಟ್ಯಾಕ್ ನೋಡಿದ ಕೂಡಲೇ ಹೊಳೆಯಿತು. ಮೆಥಡ್ ಅನ್ನು ಬೇರೆ ಸರ್ವಿಸ್ ಕ್ಲಾಸಿಗೆ ಹಾಕಿದೆ, ತಾಳೆ ಆಯಿತು. ಮೂರ್ನಾಲ್ಕು ವರ್ಷ ಕಂಪನಿಯಲ್ಲಿ ಸ್ಪ್ರಿಂಗ್ ಮಾಡಿದ ಗೆಳೆಯನಿಗೆ ಆ ಎರಡು ಸ್ಟ್ಯಾಕ್ ಕಳಿಸಿದೆ. "ಇದು ನಮ್ಮಲ್ಲೂ ಇದೆ ಕಣೋ" ಎಂದ.

ಪಿಡಿಎಫ್ ಇನ್ನೊಂದು ಕಥೆ. ಸದಸ್ಯರ ಖಾತೆ ವಿವರ ಕನ್ನಡದಲ್ಲೇ ಬೇಕು. ಪಿಡಿಎಫ್‌ಬಾಕ್ಸ್ ಎಂಬ ಜಾವಾ ಲೈಬ್ರರಿಯಲ್ಲಿ ಮಾಡಿದರೆ ಒತ್ತಕ್ಷರ ಪಕ್ಕಕ್ಕೆ ಬಂದು ಕೂತವು, 'ತೀರ್ಥಹಳ್ಳಿ' ಓದಲಾಗದ ಹಾಗಾಯಿತು. ಫಾಂಟ್ ಬದಲಿಸಿದರೂ ಅಷ್ಟೇ, ಯಾಕೆಂದರೆ ಅಕ್ಷರ ಜೋಡಿಸುವ ಕೆಲಸವೇ ಅಲ್ಲಿ ನಡೆಯುತ್ತಿರಲಿಲ್ಲ. ಕೊನೆಗೆ ಥೈಮ್‌ಲೀಫ್ ಎಂಬ ಟೆಂಪ್ಲೇಟ್ ಲೈಬ್ರರಿಯಿಂದ ಎಚ್‌ಟಿಎಂಎಲ್ ಮಾಡಿ, ಕಿಟಕಿ ತೆರೆಯದೆ ಓಡುವ (ಹೆಡ್‌ಲೆಸ್) ಕ್ರೋಮಿಯಂ ಬ್ರೌಸರ್‌ಗೆ ಕೊಟ್ಟು, ನೋಟೋ ಸಾನ್ಸ್ ಕನ್ನಡ ಫಾಂಟ್‌ನಲ್ಲಿ ಪಿಡಿಎಫ್ ತೆಗೆದೆ. ಅಚ್ಚುಕಟ್ಟಾಗಿ ಬಂತು, ಆದರೆ ಒಂದೊಂದಕ್ಕೆ ಮೂರ್ನಾಲ್ಕು ಸೆಕೆಂಡು.

ಆ ಮೂರ್ನಾಲ್ಕು ಸೆಕೆಂಡು ಮಾರ್ಚ್‌ನಲ್ಲಿ ಕಾಡಿತು. ನಾಲ್ಕೂ ಶಾಖೆಯವರು ಒಟ್ಟಿಗೆ ಪ್ರಿಂಟ್ ಒತ್ತುತ್ತಾರೆ, ತಡವಾದರೆ ಮತ್ತೆ ಒತ್ತುತ್ತಾರೆ. ಲಾಗ್‌ನಲ್ಲಿ ಹಿಕಾರಿ ಪೂಲ್‌ನ (ಡೇಟಾಬೇಸ್ ಕನೆಕ್ಷನ್‌ಗಳನ್ನು ಕೂಡಿಟ್ಟು ಹಂಚುವ ಲೈಬ್ರರಿ) ದೂರು: ಕನೆಕ್ಷನ್ ಸಿಗುತ್ತಿಲ್ಲ, ಮೂವತ್ತು ಸೆಕೆಂಡು ಕಾದು ಬಿಟ್ಟೆ. ಪೂಲ್‌ನಲ್ಲಿ ಡೀಫಾಲ್ಟ್ ಆಗಿ 10 ಕನೆಕ್ಷನ್. ಎಲ್ಲರೂ ಹೇಳುವುದು ಪೂಲ್ ದೊಡ್ಡದು ಮಾಡು ಎಂದು. ನಾನು ಮಾಡಲಿಲ್ಲ. ಸ್ಪ್ರಿಂಗ್ ಬೂಟ್ ಪ್ರತಿ ಸಲ ಶುರುವಾಗುವಾಗ 'ಓಪನ್ ಇನ್ ವ್ಯೂ' ಆನ್ ಇದೆ ಎಂದು ಎಚ್ಚರಿಕೆ ಕೊಡುತ್ತದಲ್ಲ, ಯಾರೂ ಓದದ ಆ ಸಾಲು, ಅದೇ ಕಾರಣ. ಮೊದಲ ಕ್ವೆರಿಯಲ್ಲಿ ತೆಗೆದುಕೊಂಡ ಕನೆಕ್ಷನ್ ಅನ್ನು ರೆಸ್ಪಾನ್ಸ್ ಹೋಗುವವರೆಗೂ ಹಿಡಿದಿಟ್ಟುಕೊಂಡಿತ್ತು, ಅಂದರೆ ಕ್ರೋಮಿಯಂ ಪಿಡಿಎಫ್ ಮಾಡುವಷ್ಟೂ ಹೊತ್ತು. ಆಫ್ ಮಾಡಿದೆ. ಮಾಡಿದ ಕೂಡಲೇ ಅಲ್ಲಲ್ಲಿ ಲೇಜಿಇನಿಷಿಯಲೈಸೇಶನ್ ಎಕ್ಸೆಪ್ಷನ್‌ಗಳು (ಆಮೇಲೆ ತರಲು ಬಿಟ್ಟಿದ್ದ ಮಾಹಿತಿ ಕೇಳುವಷ್ಟರಲ್ಲಿ ಸೆಷನ್ ಮುಚ್ಚಿದೆ ಎಂಬ ದೂರು) ಎದ್ದವು; ಒಂದೊಂದೇ ಕಡೆ, ಬೇಕಾದದ್ದನ್ನೆಲ್ಲ ಒಂದೇ ಕ್ವೆರಿಯಲ್ಲಿ ತರುವ ಜಾಯಿನ್ ಫೆಚ್ ಬರೆದೆ, ಪಟ್ಟಿಗಳಿಗೆಲ್ಲ ಬೇಕಾದಷ್ಟೇ ಮಾಹಿತಿ ಹೊರುವ ಡಿಟಿಒ ಕ್ಲಾಸ್ ಮಾಡಿದೆ. ಹಾಗೆ ಮಾಡುವಾಗ ನೂರು ಸದಸ್ಯರ ಪಟ್ಟಿಗೆ ನೂರಾ ಒಂದು ಕ್ವೆರಿ ಹೋಗುತ್ತಿದ್ದ ಪುಟಗಳೂ ಸಿಕ್ಕಿಬಿದ್ದವು. ಇಂದಿಗೂ ಪೂಲ್ ಹತ್ತೇ ಇದೆ.

ನಡುವೆ ಪರದೆಗಳಿಗೆ ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಕೂಡ ಎರಡು ಮೂರು ವಾರ ಪ್ರಯತ್ನಿಸಿದೆ. ಕೌಂಟರ್‌ನಲ್ಲಿ ಕೂತವರು ಹಳೆಯ ಫಾಕ್ಸ್‌ಪ್ರೋ ಪ್ರೋಗ್ರಾಂನಲ್ಲಿ ಪಳಗಿದ ಕೈಗಳು. ಅವರಿಗೆ ಮೌಸ್ ಬೇಡ, ಎಂಟರ್ ಒತ್ತಿದರೆ ಮುಂದಿನ ಖಾನೆಗೆ ಹೋಗಬೇಕು, ಅಷ್ಟೇ. ಅದಕ್ಕೆ ಥೈಮ್‌ಲೀಫ್ ಜೊತೆ ನಲವತ್ತು ಸಾಲು ಜಾವಾಸ್ಕ್ರಿಪ್ಟ್ ಸಾಕಾಯಿತು. ಊರಿನ ಪಟ್ಟಿಯಲ್ಲಿ ಕಸಬಾಕ್ಕಿಂತ ಮೊದಲು ಕಳಸ ಬರುತ್ತಿದ್ದುದೂ ಅವರ ಕಣ್ಣಿಗೇ ಬಿದ್ದದ್ದು. ಯೂನಿಕೋಡ್‌ನಲ್ಲಿ ಳ ಅಕ್ಷರ ಲ ಪಕ್ಕದಲ್ಲೇ ಇದೆ, ನಮ್ಮ ವರ್ಣಮಾಲೆಯಲ್ಲಿ ಕೊನೆಗೆ. ಅದನ್ನು ಸರಿಮಾಡಿದ ಬಗೆಯನ್ನೂ, ಬಡ್ಡಿ ಲೆಕ್ಕದಲ್ಲಿ ಉಳಿಯುವ ಪೈಸೆ ವ್ಯತ್ಯಾಸವನ್ನು ಎಲ್ಲಿ ಹಾಕುತ್ತೇನೆ ಎಂಬುದನ್ನೂ ಇಲ್ಲಿ ಹೇಳುವುದಿಲ್ಲ. ಬೇರೆ ಸಂಘಗಳೂ ನನ್ನನ್ನು ಕರೆಯುತ್ತಿರುವುದು ಅವೆರಡಕ್ಕೇ.

ಜಾವಾ 21, ಸ್ಪ್ರಿಂಗ್ ಬೂಟ್ 3.2 ಬಂದಮೇಲೆ ವರ್ಚುವಲ್ ಥ್ರೆಡ್ (ಒಟ್ಟಿಗೆ ಸಾವಿರಾರು ಇಡಬಹುದಾದ ಹಗುರ ಥ್ರೆಡ್) ಆನ್ ಮಾಡಿಯೂ ನೋಡಿದೆ. ನಮ್ಮಂಥ ಅಪ್ಲಿಕೇಶನ್‌ಗೆ ವ್ಯತ್ಯಾಸ ಕಾಣಲಿಲ್ಲ. ಥ್ರೆಡ್ ಎಷ್ಟಿದ್ದರೇನು, ಎಲ್ಲರೂ ಬಂದು ನಿಲ್ಲುವುದು ಆ ಹತ್ತು ಕನೆಕ್ಷನ್ ಎದುರಿಗೇ. ಸರ್ವರ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ತಿಂಗಳಿಗೆ ಐನೂರರ ಒಂದು ಜಿಬಿ ವಿಪಿಎಸ್‌ನಲ್ಲಿ (ಬಾಡಿಗೆ ಸರ್ವರ್) ಜಾವಾ ಓಡಿಸುವ ಜೆವಿಎಂ ತಾನಾಗಿ ಮೆಮೊರಿಯ ಕಾಲು ಭಾಗವನ್ನಷ್ಟೇ ಹೀಪ್‌ಗೆ, ಅಂದರೆ ಅಪ್ಲಿಕೇಶನ್‌ನ ಡೇಟಾಗೆ, ತೆಗೆದುಕೊಳ್ಳುತ್ತದೆ, ಪಕ್ಕದಲ್ಲಿ ಕ್ರೋಮಿಯಂ, ಪೋಸ್ಟ್‌ಗ್ರೆಸ್ ಬೇರೆ. ನಾಲ್ಕು ಜಿಬಿಗೆ ಹೋದೆ, ಸಾವಿರದ ಐನೂರರ ಹತ್ತಿರ ಆಗುತ್ತದೆ. ಕಲಿಯುವಾಗಲೂ ಎಚ್2 ಎಂಬ ಪುಟ್ಟ ಡೇಟಾಬೇಸ್ ಮೇಲೆ ಕಲಿಯಬೇಡಿ, ಮೊದಲ ದಿನದಿಂದ ಪೋಸ್ಟ್‌ಗ್ರೆಸ್ ಇರಲಿ. ಟೇಬಲ್ ಬದಲಾವಣೆಗೆ ಫ್ಲೈವೇ ಎಂಬ ಟೂಲ್ ಬಳಸಿ. ಜಾವಾ ಕ್ಲಾಸ್ ನೋಡಿ ಟೇಬಲ್‌ಗಳನ್ನು ತಾನಾಗಿ ಬದಲಿಸುವ ಹೈಬರ್ನೇಟ್‌ನ ಡಿಡಿಎಲ್ ಅಪ್‌ಡೇಟ್ ಅನ್ನು ಗ್ರಾಹಕರ ಡೇಟಾಬೇಸ್ ಹತ್ತಿರ ಬಿಡಬೇಡಿ.

ಈಗ ಊರಿನ ಇಬ್ಬರು ಹುಡುಗರು ಭಾನುವಾರ ಬರುತ್ತಾರೆ, ಇದೇ ಮೂರು ಸುತ್ತು. ಒಬ್ಬ ಎರಡನೇ ಸುತ್ತಿನಲ್ಲಿದ್ದಾನೆ. ಅವನ ಪ್ರಾಕ್ಸಿಯಲ್ಲಿ ಸರ್ವಿಸ್ ಎಸೆದ ಎಕ್ಸೆಪ್ಷನ್ ಎಲ್ಲ ಇನ್ವೊಕೇಶನ್‌ಟಾರ್ಗೆಟ್‌ಎಕ್ಸೆಪ್ಷನ್ ಒಳಗೆ ಸುತ್ತಿಕೊಂಡು ಬರುತ್ತಿದೆ, ಅದು ಚೆಕ್ಡ್ ಎಕ್ಸೆಪ್ಷನ್ (ಹಿಡಿಯಬೇಕು, ಇಲ್ಲವೇ ಘೋಷಿಸಬೇಕು ಎಂದು ಕಂಪೈಲರ್ ಒತ್ತಾಯಿಸುವ ಬಗೆ) ಆದ್ದರಿಂದ ರನ್‌ಟೈಮ್ ಎಂದು ಗುರುತೇ ಸಿಗದೆ ಕಮಿಟ್ ಆಗಿಹೋಗುತ್ತಿದೆ. ಸ್ಪ್ರಿಂಗ್ ತಾನಾಗಿ ಯಾವ ಎಕ್ಸೆಪ್ಷನ್‌ಗೆ ರೋಲ್‌ಬ್ಯಾಕ್ ಮಾಡುತ್ತದೆ, ಯಾವುದಕ್ಕೆ ಮಾಡುವುದಿಲ್ಲ ಎಂಬ ಪ್ರಶ್ನೆಯ ಎದುರಿಗೆ ಅವನು ತಾನೇ ಬಂದು ನಿಂತಿದ್ದಾನೆ. ಈ ಭಾನುವಾರ ಅದನ್ನೇ ಬಿಚ್ಚಿ ಕೂರುತ್ತೇವೆ.