ಬಗ್ ಪಟ್ಟಿ ಇನ್ನೂರು ದಾಟಿದಾಗ ಎಲ್ಲಿಂದ ಶುರು ಮಾಡೋದು?

ನುಡಿ, ಬರಹದ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡವನ್ನು ಯೂನಿಕೋಡ್‌ಗೆ ಬದಲಿಸುವ ಒಂದು ಸಣ್ಣ ಓಪನ್ ಸೋರ್ಸ್ ಟೂಲ್ ನೋಡಿಕೊಳ್ಳುತ್ತೇನೆ. ಹಗಲು ಆಫೀಸು, ರಾತ್ರಿ ಊಟ ಆದಮೇಲೆ ಇದು. ಒಂದು ದಿನ ಅದರ ಕೋಡ್ ಇಟ್ಟಿರುವ ತಾಣ ಗಿಟ್‌ಹಬ್ ತೆರೆದರೆ ಬಾಕಿ ಇಶ್ಯೂ (ಬಳಸುವವರು ಬರೆದ ದೂರು, ಬೇಡಿಕೆ) 214. ಸುಮ್ನೆ ಟ್ಯಾಬ್ ಮುಚ್ಚಿ ಮಲಗಿದೆ. ಹಾಗೇ ಒಂದು ತಿಂಗಳು ಕಳೆಯಿತು.

ನಿಮ್ಮದೂ ಇದೇ ಕಥೆಯಾದರೆ, ಮೊದಲ ದಿನ ಕೋಡ್ ಮುಟ್ಟಲೇಬೇಡಿ. ಬರೀ ಓದಿ. ಒಂದೊಂದಕ್ಕೆ ಎರಡು ನಿಮಿಷ, ಅಷ್ಟೇ. ಹೊಸದರಿಂದ ಹಳೆಯದಕ್ಕೆ ಹೋಗಿ. ನಿನ್ನೆ ಬರೆದವರು ಇವತ್ತು ಕೇಳಿದರೆ ಉತ್ತರ ಕೊಡುತ್ತಾರೆ. ನಾಲ್ಕು ವರ್ಷದ ಹಿಂದೆ ಬರೆದವರಿಗೆ ಬರೆದದ್ದೇ ಮರೆತಿರುತ್ತದೆ. ನನಗೆ ನಾಲ್ಕು ಲೇಬಲ್ ಸಾಕಾಯಿತು: ಖಚಿತ, ಮಾಹಿತಿ ಬೇಕು, ಡುಪ್ಲಿಕೇಟ್, ಮಾಡಲ್ಲ. ‘ಹೀಗೊಂದು ಸೌಲಭ್ಯ ಇದ್ದರೆ ಚೆಂದ’ ಅನ್ನುವಂಥವನ್ನು ಬಗ್‌ಗಳ ಜೊತೆ ಇಡಬೇಡಿ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಡೆಬಿಯನ್‌ನವರು ಅದಕ್ಕೆ ‘ವಿಶ್‌ಲಿಸ್ಟ್’ ಅಂತ ಬೇರೆ ದರ್ಜೆಯನ್ನೇ ಇಟ್ಟಿದ್ದಾರೆ.

ಪಟ್ಟಿ ನಿಜವಾಗಿ ಕರಗುವುದು ಡುಪ್ಲಿಕೇಟ್‌ಗಳಲ್ಲಿ. ಒಬ್ಬರು ‘ರ‍್ಯಾಲಿ’ ಸರಿ ಬರ್ತಿಲ್ಲ ಅಂತ ಬರೆದಿದ್ದರು. ಇನ್ನೊಬ್ಬರು ‘ರ‍್ಯಾಂಕ್’ ಅಂದರು. ಮತ್ತೊಬ್ಬರು ನಿಘಂಟೇ ಕೆಟ್ಟಿದೆ ಅಂತ ಬೈದಿದ್ದರು. (ನನ್ನ ಟೂಲ್‌ನಲ್ಲಿ ನಿಘಂಟೇ ಇಲ್ಲ.) ಇಂಥವು ಹದಿನೇಳು. ಎಲ್ಲದರ ಬೇರು ಒಂದೇ: ರ, ವಿರಾಮ (ಅರ್ಧಾಕ್ಷರದ ಚಿಹ್ನೆ), ಯ ಸುಮ್ನೆ ಸಾಲಾಗಿ ಬಂದರೆ ಯೂನಿಕೋಡ್‌ನಲ್ಲಿ ಅರ್ಕಾವತ್ತು ಮೂಡಿ ‘ರ್ಯಾಲಿ’ ಆಗುತ್ತದೆ. ರ ಆದಮೇಲೆ ಜೀರೋ ವಿಡ್ತ್ ಜಾಯಿನರ್ ಅನ್ನುವ ಕಣ್ಣಿಗೆ ಕಾಣದ ಅಕ್ಷರ ಹಾಕಬೇಕು. ಅತಿ ಸ್ಪಷ್ಟವಾಗಿ ಬರೆದ ಇಶ್ಯೂ ಒಂದನ್ನು ಉಳಿಸಿಕೊಂಡು, ಉಳಿದ ಹದಿನಾರರಲ್ಲಿ ಅದರ ನಂಬರ್ ಹಾಕಿ ಮುಚ್ಚಿದೆ.

ಆದರೆ ಅವಸರದಲ್ಲಿ ಎಲ್ಲಾ ಕಡೆ ಜಾಯಿನರ್ ತುರುಕಿದ್ದರಿಂದ ‘ಸೂರ್ಯ’ ಹೋಗಿ ‘ಸೂರ‍್ಯ’ ಆಯಿತು! ಮರುದಿನವೇ ಐದು ಹೊಸ ಇಶ್ಯೂ. ಈಗ ‘ರ‍್ಯಾಲಿ’, ‘ಸೂರ್ಯ’ ಎರಡೂ ಪದ, ಫಲಿತಾಂಶ ಸರಿಯಿದೆಯಾ ಅಂತ ತಾನೇ ನೋಡುವ ನನ್ನ ಟೆಸ್ಟ್‌ನಲ್ಲಿ ಅಕ್ಕಪಕ್ಕ ಕೂತಿವೆ. ಟೆಸ್ಟ್ ಬರೆಯದೆ ಯಾವ ಬಗ್ಗನ್ನೂ ಮುಚ್ಚಬೇಡಿ. ಅದು ವಾಪಸ್ ಬರುತ್ತದೆ, ನೆಂಟರನ್ನೂ ಕರೆತರುತ್ತದೆ.

‘ಮಾಹಿತಿ ಬೇಕು’ ಅಂತ ಲೇಬಲ್ ಅಂಟಿಸಿದರೆ ಸಾಲದು, ಏನು ಬೇಕು ಅಂತ ಹೇಳಿ. ನನಗೆ ಜನ ಸ್ಕ್ರೀನ್‌ಶಾಟ್ ಕಳಿಸುತ್ತಿದ್ದರು. ಚಿತ್ರದಿಂದ ಒಳಗಿನ ಬೈಟ್ ಗೊತ್ತಾಗಲ್ಲ, ಅಲ್ವಾ? ಈಗ ಇಶ್ಯೂ ಫಾರ್ಮ್‌ನಲ್ಲಿ ಮೂರು ಖಾನೆ ಕಡ್ಡಾಯ: ಮೂಲ ಸಾಲು, ಫಾಂಟ್ ಹೆಸರು, ಬರಬೇಕಿದ್ದ ಸಾಲು. ಇದೊಂದರಿಂದ ಹಿಂದೆ ಮುಂದೆ ಕೇಳುವ ಕೆಲಸ ಅರ್ಧಕ್ಕರ್ಧ ಉಳಿಯಿತು.

ಹಳೆಯದನ್ನು ತಾನೇ ಮುಚ್ಚುವ ಬಾಟ್ ವಿಷಯದಲ್ಲಿ ಹುಷಾರು. ಗಿಟ್‌ಹಬ್‌ನ ‘ಸ್ಟೇಲ್’ ಆಕ್ಷನ್ ಅನ್ನುವ ಬಾಟ್, ನೀವೇನೂ ಬದಲಿಸದಿದ್ದರೆ 60 ದಿನ ಸದ್ದಿಲ್ಲದ ಇಶ್ಯೂಗೆ ಗುರುತು ಹಾಕಿ, ಮತ್ತೆ 7 ದಿನಕ್ಕೆ ಮುಚ್ಚುತ್ತದೆ. ನಾನು ಅದನ್ನು ಎಲ್ಲಕ್ಕೂ ಬಿಟ್ಟೆ. ಮಾದರಿ ಫೈಲ್ ಸಮೇತ ಅಚ್ಚುಕಟ್ಟಾಗಿ ಬರೆದಿದ್ದ ಒಬ್ಬರ ಇಶ್ಯೂ ಕೂಡ ಮುಚ್ಚಿಹೋಯಿತು. ಉತ್ತರ ಕೊಡದವನು ನಾನು, ಬಾಗಿಲು ಹಾಕಿದ್ದು ಅವರ ಮುಖಕ್ಕೆ. ಅವರು ಮತ್ತೆ ಬರಲಿಲ್ಲ. ಈಗ ಬಾಟ್ ‘ಮಾಹಿತಿ ಬೇಕು’ ಲೇಬಲ್ ಇರುವುದನ್ನು ಮಾತ್ರ ಮುಟ್ಟುವಂತೆ ಕಟ್ಟಿಹಾಕಿದ್ದೇನೆ.

‘ಮಾಡಲ್ಲ’ ಅನ್ನುವುದು ಕಷ್ಟ. ಆದರೂ ಹೇಳಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಓದಿಸಿ ಅಂತ ಕೇಳಿದವರಿಗೆ ನಾನು ಬರೆಯೋದು ಇಷ್ಟೇ: “ಒಳ್ಳೇ ಯೋಚನೆ ಸರ್, ಆದರೆ ಈ ಟೂಲ್ ಕೆಲಸ ಅದಲ್ಲ. ಅದಕ್ಕೆ ಚಿತ್ರದಿಂದ ಅಕ್ಷರ ಓದುವ ಟೆಸೆರಾಕ್ಟ್ ನೋಡಿ, ಕನ್ನಡ ಇದೆ.” ಯಾರೂ ಜಗಳಕ್ಕೆ ಬಂದಿಲ್ಲ.

ಈಗ ಭಾನುವಾರ ಕಾಫಿ ಜೊತೆ ಅರ್ಧ ಗಂಟೆ ಹೊಸದನ್ನು ಓದುತ್ತೇನೆ. ಬಾಕಿ 61 ಇವೆ. ಕಳೆದ ವಾರ ಬಂದದ್ದು ಮೂರೇ. ಅದರಲ್ಲಿ ಒಂದು ‘ರ‍್ಯಾಗಿಂಗ್’.