ಬ್ಯಾಟ್: ಮೂರಕ್ಷರದ ಇಂಗ್ಲಿಷ್ ಪದದ ಬೇರು ಹುಡುಕುವ ಬಗೆ

ಇಂಗ್ಲಿಷ್ ಪದ ಚಿಕ್ಕದಾದಷ್ಟೂ ಅದರ ಮೂಲ ಹುಡುಕುವಾಗ ಎಡವುವುದು ಹೆಚ್ಚು. ಬೇರೆ ಬೇರೆ ದಿಕ್ಕಿನಿಂದ ಬಂದ ಪದಗಳು ಬಾಯಲ್ಲಿ ಸವೆದು ಕೊನೆಗೆ ಒಂದೇ ಆಕಾರಕ್ಕೆ ಬಂದು ನಿಂತಿರುತ್ತವೆ. ಕನ್ನಡದಲ್ಲೂ ಇದುಂಟು: ‘ಅರಸು’ ಎಂದರೆ ದೊರೆ, ‘ಅರಸು’ ಎಂದರೆ ಹುಡುಕು, ಉಚ್ಚಾರ ಒಂದು, ಪದ ಎರಡು. ಆದರೆ ಮನುಷ್ಯನ ಬಾಯಿ, ಚೀಲದ ಬಾಯಿ, ಗಾಯದ ಬಾಯಿ ಎಂಬಲ್ಲಿ ಪದ ಒಂದೇ, ಅರ್ಥ ಹರಡಿಕೊಂಡಿದೆ. ಎದುರಿಗಿರುವುದು ಇವೆರಡರಲ್ಲಿ ಯಾವುದು ಎಂದು ತಿಳಿಯುವುದೇ ಮೊದಲ ಕೆಲಸ.

‘ಬ್ಯಾಟ್’ ಪದವನ್ನೇ ಹಿಡಿಯೋಣ. ಎಟಿಮಾನ್‌ಲೈನ್ ಮತ್ತು ಮೆರಿಯಮ್-ವೆಬ್‌ಸ್ಟರ್ ಎಂಬ ನಿಘಂಟು ಜಾಲತಾಣಗಳು ಉಚಿತ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಕೈಗೆ ಸಿಕ್ಕರೆ ಇನ್ನೂ ಒಳ್ಳೆಯದು. ನಿಘಂಟು ತೆರೆದ ಕೂಡಲೇ ಅರ್ಥ ಓದಬೇಡಿ, ಪದದ ಪಕ್ಕದ ಪುಟ್ಟ ಅಂಕಿ ನೋಡಿ. 1, 2, 3 ಎಂದು ಬೇರೆ ನಮೂದುಗಳಿದ್ದರೆ ಅವು ಸಾಮಾನ್ಯವಾಗಿ ಬೇರೆ ಬೇರೆ ಹುಟ್ಟಿನ ಪದಗಳು. ಒಂದೇ ನಮೂದಿನ ಒಳಗಿನ ಅಂಕಿಗಳು ಮಾತ್ರ ಹರಡಿದ ಅರ್ಥಗಳು. ಬಹುಪಾಲು ತಪ್ಪು ನಡೆಯುವುದು ಈ ಎರಡು ಬಗೆಯ ಅಂಕಿಗಳನ್ನು ಕಲಸಿಬಿಟ್ಟಾಗ. ನಾಮಪದಕ್ಕೂ ಕ್ರಿಯಾಪದಕ್ಕೂ ಪ್ರತ್ಯೇಕ ನಮೂದು ಇರುತ್ತದೆ, ಅದನ್ನೂ ಗಮನಿಸಿ.

ಆಮೇಲೆ ನಿಷ್ಪತ್ತಿಯ ಸಾಲು, ಅಂದರೆ ಪದ ಎಲ್ಲಿಂದ ಬಂತು ಎಂದು ಹೇಳುವ ಸಾಲು ನೋಡಿ. ಹಳೆ ಇಂಗ್ಲಿಷ್ ಎಂದರೆ ಸುಮಾರು 1150ರವರೆಗಿನದು, ಮಧ್ಯಕಾಲೀನ ಇಂಗ್ಲಿಷ್ ಎಂದರೆ ಅಲ್ಲಿಂದ 1500ರವರೆಗಿನದು. ಪದದ ಮುಂದೆ ನಕ್ಷತ್ರ ಚಿಹ್ನೆ ಇದ್ದರೆ ಆ ರೂಪ ಯಾವ ಬರಹದಲ್ಲೂ ಸಿಕ್ಕಿಲ್ಲ, ವಿದ್ವಾಂಸರು ಹೋಲಿಕೆಯಿಂದ ಊಹಿಸಿ ಕಟ್ಟಿದ್ದು ಎಂದರ್ಥ. ಅದನ್ನು ದಾಖಲೆ ಎಂದು ಬರೆದುಕೊಳ್ಳಬೇಡಿ.

ಆಟದ ಬ್ಯಾಟು ಹಳೆ ಇಂಗ್ಲಿಷಿನ ‘ಬಟ್ಟ್’, ಅಂದರೆ ದೊಣ್ಣೆ. ಕ್ರಿಕೆಟ್ಟಿನ ಮೊದಮೊದಲ ಬ್ಯಾಟು ಹಾಕಿ ಕೋಲಿನಂತೆ ತುದಿ ಬಾಗಿದ ದೊಣ್ಣೆಯೇ ಆಗಿತ್ತು. ಅಗಲ ನಾಲ್ಕೂಕಾಲು ಇಂಚು ಮೀರಬಾರದು ಎಂಬ ಮಿತಿ ಬಂದದ್ದು 1771ರಲ್ಲಿ. ತಾರಸಿಗೆ ಹಾಸುವ ‘ಬ್ರಿಕ್ ಬ್ಯಾಟ್’ ಎಂಬ ಇಟ್ಟಿಗೆ ತುಂಡಿನ ಬ್ಯಾಟು ಕೂಡ ನಿಘಂಟಿನಲ್ಲಿ ಸಾಮಾನ್ಯವಾಗಿ ಈ ದೊಣ್ಣೆಯ ಜೊತೆಯಲ್ಲೇ ಸಿಗುತ್ತದೆ.

ಬಾವಲಿಯ ಕಥೆ ಬೇರೆ. ಹಳೆ ಇಂಗ್ಲಿಷಿನಲ್ಲಿ ಬಾವಲಿಗೆ ‘ಹ್ರೇರೆಮೂಸ್’ ಎಂಬ ಹೆಸರಿತ್ತು; ‘ಮೂಸ್’ ಎಂದರೆ ಇಲಿ. ಮಧ್ಯಕಾಲದಲ್ಲಿ ‘ಬಕ್ಕೆ’ ಬಂತು. ಹಳೆ ಸ್ವೀಡಿಷಿನ ‘ನಟ್‌ಬಕ್ಕ’ ಇದರ ನೆಂಟ, ಆದ್ದರಿಂದ ಮೂಲ ಸ್ಕ್ಯಾಂಡಿನೇವಿಯದ ಕಡೆಯದು. 16ನೆಯ ಶತಮಾನದ ಉತ್ತರಾರ್ಧದಲ್ಲಿ ‘ಕ್’ ಹೋಗಿ ‘ಟ್’ ಬಂದು, ಪದ ದೊಣ್ಣೆಯ ಪಕ್ಕ ಬಂದು ಕೂತಿತು. ‘ರೆಕ್ಕೆ ಬಡಿಯುತ್ತದೆ, ಅದಕ್ಕೇ ಬ್ಯಾಟ್’ ಎಂಬ ವಿವರಣೆ ಕೇಳಲು ಚೆನ್ನ, ಆದರೆ ‘ಬಕ್ಕೆ’ಯ ಎದುರು ಅದು ನಿಲ್ಲುವುದಿಲ್ಲ. ಇಂದಿನ ರೂಪದಿಂದ ಹೊರಟರೆ ಹೀಗೆ ದಾರಿ ತಪ್ಪುತ್ತದೆ; ಸಿಕ್ಕ ಅತಿ ಹಳೆಯ ರೂಪವನ್ನು ಇಸವಿಯ ಜೊತೆ ಬರೆದುಕೊಂಡು ಅಲ್ಲಿಂದಲೇ ಹೊರಡಿ.

ಕಣ್ಣು ಮಿಟುಕಿಸುವ ಅರ್ಥದ ಕ್ರಿಯಾಪದ ಮೂರನೆಯದು. ಸಾಕಿದ ಗಿಡುಗ ರೆಕ್ಕೆ ಬಡಿಯುವುದಕ್ಕೆ ಬೇಟೆಗಾರರು ಹೇಳುತ್ತಿದ್ದ ‘ಬೇಟ್’ ಎಂಬ ಪದದ ರೂಪಾಂತರ ಅದು. ನಾಲ್ಕನೆಯದು ಸೇನಾಧಿಕಾರಿಯ ಸೇವಕ ‘ಬ್ಯಾಟ್‌ಮನ್’ನಲ್ಲಿದೆ. ಅಲ್ಲಿನ ‘ಬ್ಯಾಟ್’ ಫ್ರೆಂಚಿನಿಂದ ಬಂದದ್ದು, ಹೇರು ಹೊರುವ ಪ್ರಾಣಿಯ ಬೆನ್ನಿಗೆ ಕಟ್ಟುವ ತಡಿ ಎಂದರ್ಥ. ಆ ಪ್ರಾಣಿಯ ಉಸ್ತುವಾರಿ ನೋಡುತ್ತಿದ್ದವನೇ ಬ್ಯಾಟ್‌ಮನ್.

ಇಷ್ಟಾದ ಮೇಲೆ ಒಂದು ಪರೀಕ್ಷೆ ಮಾಡಿ. ಪದ ಬರುವ ಐದಾರು ನುಡಿಗಟ್ಟುಗಳನ್ನು ಬರೆದು ಒಂದೊಂದನ್ನೂ ಅದರ ನಮೂದಿಗೆ ಸೇರಿಸಿ. ‘ಬ್ಲೈಂಡ್ ಆ್ಯಸ್ ಎ ಬ್ಯಾಟ್’ ಬಾವಲಿಗೆ, ‘ಆಫ್ ಯುವರ್ ಓನ್ ಬ್ಯಾಟ್’ (ಯಾರೂ ಹೇಳದೆ ತಾನಾಗಿಯೇ) ಕ್ರಿಕೆಟ್ಟಿಗೆ, ‘ಬ್ಯಾಟ್ ಆ್ಯನ್ ಐಲಿಡ್’ ಗಿಡುಗಕ್ಕೆ. ಯಾವುದಾದರೂ ಎಲ್ಲಿಯೂ ಕೂರದಿದ್ದರೆ ಒಂದು ನಮೂದು ಕಣ್ತಪ್ಪಿದೆ ಎಂದು ತಿಳಿದು ಮತ್ತೆ ನಿಘಂಟು ನೋಡಿ.

ನಾಲ್ಕನೆಯದರ ಜೊತೆ ನಮ್ಮದೇ ಪದವೊಂದು ತೊಡರಿಕೊಂಡಿದೆ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಸಂಬಳದ ಮೇಲೆ ಕೊಡುತ್ತಿದ್ದ ಹೆಚ್ಚುವರಿ ಹಣಕ್ಕೆ ‘ಬತ್ತಾ’ ಎನ್ನುತ್ತಿದ್ದರು. ಡ್ರೈವರ್ ಬಾಟಾ ಎಂದು ನಾವು ಇವತ್ತಿಗೂ ಕೊಡುವುದು ಅದನ್ನೇ. 1886ರಲ್ಲಿ ಬಂದ ‘ಹಾಬ್ಸನ್-ಜಾಬ್ಸನ್’ ನಿಘಂಟು ಇದನ್ನು ಪೋರ್ಚುಗೀಸರ ಮೂಲಕ ಕನ್ನಡದ ‘ಭತ್ತ’ಕ್ಕೆ ಜೋಡಿಸುತ್ತದೆ. ತಡಿಯ ‘ಬ್ಯಾಟ್’ಗೆ ಕೊಡುವ ‘ಬ್ಯಾಟ್‌ಮನಿ’ಯೂ ಸೈನ್ಯದ ಭತ್ಯೆಯೇ ಆದ್ದರಿಂದ ಎರಡೂ ಸುಲಭವಾಗಿ ಬೆರೆಯುತ್ತವೆ. ಹಳೆಯ ದಾಖಲೆಯಲ್ಲಿ ಇವು ಎದುರಾದರೆ ಕಾಗುಣಿತ ನೋಡಿ ತೀರ್ಮಾನಿಸಬೇಡಿ. ಹಣ ಕೊಟ್ಟದ್ದು ಸಾಮಾನು ಹೊರಿಸುವುದಕ್ಕೋ ಹೊಟ್ಟೆಪಾಡಿಗೋ ಎಂದು ಆ ಸಾಲಿನಲ್ಲೇ ಹುಡುಕಿ.